ಗಾಳಿಗೆ ಗೋಡೆ ಬೇಡ, ಜರಡಿ ಬೇಕು

ಏಪ್ರಿಲ್ ಕೊನೆ ಬಂತೆಂದರೆ ನಮ್ಮ ಸಾಸ್ವೆಹಳ್ಳಿ ಕಡೆ ಬಾಳೆ ಹಾಕಿದವರೆಲ್ಲ ಸಂಜೆ ನಾಲ್ಕು ಗಂಟೆಗೇ ಆಕಾಶ ನೋಡಲು ಶುರು ಮಾಡುತ್ತಾರೆ. ಮಳೆ ಬೇಕು, ಅದರ ಜತೆ ಬರುವ ಗಾಳಿ ಬೇಡ. ಹೊನ್ನಾಳಿ ತಾಲ್ಲೂಕಿನ ನಮ್ಮ ಹೋಬಳಿಯಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಎಳೆ ಅಡಿಕೆ ಸಸಿಗೆ ನೆರಳಿರಲಿ, ಅಡಿಕೆ ಫಲ ಕೊಡುವವರೆಗೆ ಕೈಗೆ ನಾಲ್ಕು ಕಾಸು ಸಿಗಲಿ ಎಂದು ನಡುವೆ ಬಾಳೆ ಹಾಕುತ್ತಾರೆ. ಗೊನೆ ಬಿಟ್ಟ ಬಾಳೆ ಅಂದರೆ ತಲೆಭಾರದ ಗಿಡ. ನಾವು ಕಾಂಡ ಎನ್ನುವುದು ನಿಜವಾದ ಕಾಂಡವೂ ಅಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ತಿಂಗಳುಗಟ್ಟಲೆ ನೀರು, ಗೊಬ್ಬರ ಕೊಟ್ಟು ಸಾಕಿದ್ದು ಹತ್ತು ನಿಮಿಷದ ಬಿರುಗಾಳಿಗೆ ಮಲಗಿಬಿಡುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನೆಲಕಚ್ಚಿದ ತೋಟದ ಫೋಟೊ, ಅದರ ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತ ರೈತ. ಇದನ್ನು ನೀವೂ ನೋಡಿರುತ್ತೀರಿ.

ನಮ್ಮ ಮನೆಯಲ್ಲಿ ಈ ವರ್ಷ ಚರ್ಚೆ ಬೇರೆ. ತೋಟದ ಪಡುವಣ ಬದುವಿನ ಮೇಲೆ ದೊಡ್ಡಪ್ಪ ಹಿಂದೆ ನೆಟ್ಟ ಸಿಲ್ವರ್ ಓಕ್ ಸಾಲು ಇದೆ. ಈಗ ಅವು ಕೊಯ್ಲಿಗೆ ಬಂದಿವೆ. ಮರದ ವ್ಯಾಪಾರಿ ಎರಡು ಸಲ ಬಂದು ರೇಟು ಹೇಳಿ ಹೋಗಿದ್ದಾನೆ. ಅಕ್ಕಪಕ್ಕದವರಲ್ಲಿ ಕೆಲವರು ಕಡಿಸಿಯೂ ಆಗಿದೆ. ಬದುವಿನ ಮರ ನೆರಳು ಮಾಡುತ್ತದೆ, ಬೇರು ನೀರು ಎಳೆಯುತ್ತದೆ, ಆ ಜಾಗದಲ್ಲಿ ಇನ್ನೊಂದು ಸಾಲು ಅಡಿಕೆ ಬರುತ್ತದೆ ಎಂಬುದು ಅವರ ಲೆಕ್ಕ. ಅದು ಸುಳ್ಳು ಲೆಕ್ಕವೂ ಅಲ್ಲ. ಆದರೆ ಲೆಕ್ಕದ ಇನ್ನೊಂದು ಕಡೆ, ಅಂದರೆ ಆ ಸಾಲು ತಡೆಯುವ ಗಾಳಿಯ ಬೆಲೆ ಎಷ್ಟು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನಗೆ ಪ್ರಾಜೆಕ್ಟಿಗೆ ವಿಷಯ ಸಿಕ್ಕಿದ್ದು ಅಲ್ಲೇ.

ನಮ್ಮ ಲ್ಯಾಬ್‌ನಲ್ಲಿ ಗಾಳಿ, ನೀರಿನ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಇದೆ. ಸಿಎಫ್‌ಡಿ ಎನ್ನುತ್ತಾರೆ. ಉದಾಹರಣೆಗಳು ಮಾತ್ರ ಯಾವಾಗಲೂ ವಿಮಾನದ ರೆಕ್ಕೆ, ಕಾರಿನ ಬಾಡಿ, ಪೈಪಿನೊಳಗಿನ ನೀರು. ರೆಕ್ಕೆಯ ಸುತ್ತ ಹರಿಯುವ ಗಾಳಿಯ ನಿಯಮವೇ ತೋಟದ ಬದುವಿಗೂ ತಾನೆ?

ಮೊದಲು ಗಾಳಿಯ ಬಲದ ವಿಚಾರ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ತನಗೆ ಎದುರಾದ ಒಂದು ಚದರ ಮೀಟರ್ ಹಲಗೆಯನ್ನು ಸುಮಾರು 6 ಕೆ.ಜಿ. ಭಾರದಷ್ಟು ಒತ್ತುತ್ತದೆ. ಅದೇ 72 ಕಿಲೋಮೀಟರ್ ಆದರೆ 24 ಕೆ.ಜಿ. ಇದನ್ನು ತಿರುಗಿಸಿ ನೋಡಿದರೆ ರೈತನಿಗೆ ಬೇಕಾದ ಮಾತು ಸಿಗುತ್ತದೆ: ಗಾಳಿಯನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ, ವೇಗವನ್ನು ಅರ್ಧ ಮಾಡಿದರೂ ಗಿಡದ ಮೇಲಿನ ಹೊರೆ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಲು ಭಾಗ ಇಳಿಸಿದರೂ ಸಾಕು, ಹೊರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಹಾಗಾದರೆ ಎತ್ತರದ ಗಟ್ಟಿ ಕಾಂಪೌಂಡ್ ಹಾಕಿಬಿಟ್ಟರೆ ಆಯಿತಲ್ಲ? ಇಲ್ಲೇ ಇರುವುದು ಸ್ವಾರಸ್ಯ. ಗೋಡೆಗೆ ಬಡಿದ ಗಾಳಿ ಎಲ್ಲೂ ಮಾಯವಾಗುವುದಿಲ್ಲ. ಮೇಲೇರಿ, ಗೋಡೆ ದಾಟಿ, ಹಿಂದಿನ ಖಾಲಿ ಜಾಗಕ್ಕೆ ಸುಳಿಸುಳಿಯಾಗಿ ಧುಮುಕುತ್ತದೆ. ಗೋಡೆಯ ಬುಡದಲ್ಲಿ ನಿಂತವನಿಗೆ ನೆಮ್ಮದಿ, ಸ್ವಲ್ಪ ದೂರದಲ್ಲಿ ನಿಂತ ಬಾಳೆಗೆ ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಹೊಡೆತ. ಮರದ ಸಾಲು ಜರಡಿಯಂತೆ ಕೆಲಸ ಮಾಡುತ್ತದೆ. ಒಂದಷ್ಟು ಗಾಳಿ ಎಲೆ, ಟೊಂಗೆಗಳ ನಡುವೆ ತೂರಿ ಬರುತ್ತದೆ. ಬರುವಾಗ ಎಲೆಗಳಿಗೆ ಉಜ್ಜಿ, ಅವನ್ನು ಅಲುಗಾಡಿಸಿ ತನ್ನ ಶಕ್ತಿ ಕಳೆದುಕೊಂಡಿರುತ್ತದೆ. ಹೀಗೆ ನಿಧಾನವಾಗಿ ಒಳಬಂದ ಗಾಳಿಯೇ ಮೆತ್ತೆಯಂತೆ ಹರಡಿ, ಮೇಲಿನಿಂದ ಧುಮುಕುವ ಗಾಳಿಯನ್ನು ದೂರ ಸಾಗಹಾಕುತ್ತದೆ. ಎದುರಿನಿಂದ ನೋಡಿದರೆ ಸಾಲಿನ ಸುಮಾರು ಅರ್ಧ ಭಾಗ ಕಿಂಡಿಯಾಗಿ ಆಚೆಯ ಬೆಳಕು ಕಾಣುವಂತಿದ್ದರೆ ಒಳ್ಳೆಯದು ಎಂಬುದು ಈ ವಿಷಯ ಓದುವವರು ಸಾಮಾನ್ಯವಾಗಿ ಹೇಳುವ ಅಂದಾಜು.

ಅಂತಹ ಸಾಲಿನ ರಕ್ಷಣೆ ಮರದ ಎತ್ತರದ 10 ಪಟ್ಟು ದೂರದವರೆಗೆ ಚೆನ್ನಾಗಿಯೇ ಇರುತ್ತದೆ, 20 ಪಟ್ಟು ದೂರದಲ್ಲೂ ಅಲ್ಪಸ್ವಲ್ಪ ಉಳಿದಿರುತ್ತದೆ. ಅತಿ ಹೆಚ್ಚು ನೆಮ್ಮದಿ ಇರುವುದು ಮರದ ಬುಡದಲ್ಲಲ್ಲ, ಎತ್ತರದ ನಾಲ್ಕೈದು ಪಟ್ಟು ದೂರದಲ್ಲಿ. ನಮ್ಮ ಲೆಕ್ಕಕ್ಕೆ ತಂದು ನೋಡಿ. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 64 ಮೀಟರ್. ಮರ 12 ಮೀಟರ್, ಅಂದರೆ 40 ಅಡಿ ಎತ್ತರ ಇದ್ದರೆ ರಕ್ಷಣೆ 120 ಮೀಟರ್‌ವರೆಗೆ, ಹೆಚ್ಚುಕಡಿಮೆ ಎರಡು ಎಕರೆಯ ಉದ್ದ. ಅಂದರೆ ನಮ್ಮ ಬದುವಿನ ಮರ ಕಡಿದರೆ ಗಾಳಿ ನುಗ್ಗುವುದು ನಮ್ಮ ತೋಟಕ್ಕೆ ಮಾತ್ರ ಅಲ್ಲ, ಮೂಡಣದ ಪಕ್ಕದ ತೋಟಕ್ಕೂ. ನೆರಳು, ಬೇರಿನ ತಂಟೆ ಬಹುಪಾಲು ಮರದ ಎತ್ತರದಷ್ಟು ದೂರದೊಳಗೇ ಮುಗಿಯುತ್ತದೆ. ಜಗಳ ಮಾತ್ರ ಯಾವಾಗಲೂ ಆ ಮೊದಲ ನಲವತ್ತು ಅಡಿಯದ್ದೇ!

ಇದೆಲ್ಲ ಹೊಸ ಸುದ್ದಿಯೇನಲ್ಲ. ಕಾರವಾರದ ಕಡಲತೀರಕ್ಕೆ 1860ರ ದಶಕದಲ್ಲೇ ಸರ್ವೆ ಮರ ಬಂತು. ನಮ್ಮಲ್ಲಿ ಕೆಲವರು ಅದನ್ನು ಗಾಳಿಮರ ಎಂದೇ ಕರೆಯುತ್ತಾರೆ. ಕರಾವಳಿಯಲ್ಲಿ ಹಾರುವ ಮರಳನ್ನು, ಕಡಲ ಗಾಳಿಯನ್ನು ತಡೆಯಲು ಇಂದಿಗೂ ಅದನ್ನೇ ನೆಡುತ್ತಾರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಉತ್ತ ಹೊಲಗಳ ಮಣ್ಣೇ ದೂಳಾಗಿ ಎದ್ದು ಹೋಗತೊಡಗಿದಾಗ ಅಧ್ಯಕ್ಷ ರೂಸ್‌ವೆಲ್ಟ್ 1934ರಲ್ಲಿ ಗಾಳಿತಡೆ ಸಾಲುಗಳ ದೊಡ್ಡ ಯೋಜನೆ ಶುರು ಮಾಡಿಸಿದರು. 1942ರ ಹೊತ್ತಿಗೆ ಸುಮಾರು 22 ಕೋಟಿ ಮರಗಳನ್ನು ನೆಡಲಾಗಿತ್ತು.

ಆದರೆ ಮರದ ವಿಷಯದಲ್ಲಿ ಒಂದು ಕಷ್ಟ ಇದೆ. ಸಾಲು ಎಷ್ಟು ಒತ್ತಾಗಿರಬೇಕು, ಒಂದು ಸಾಲೋ ಎರಡೋ, ಯಾವ ಮರ ಎಂದು ಪ್ರಯೋಗ ಮಾಡಿ ನೋಡೋಣ ಎಂದರೆ ಉತ್ತರ ಸಿಗಲು ಎಂಟು–ಹತ್ತು ವರ್ಷ ಕಾಯಬೇಕು. ಕಡಿಯಲು ಅರ್ಧ ದಿನ ಸಾಕು. ಕಡಿದ ಮೇಲೆ ‘ಅಯ್ಯೋ’ ಎಂದರೆ ಮತ್ತೆ ಹತ್ತು ವರ್ಷ. ಕಂಪ್ಯೂಟರ್ ಸಿಮ್ಯುಲೇಷನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಪರದೆಯ ಮೇಲೆ ಮರ ಕಡಿಯಬಹುದು, ಮತ್ತೆ ನೆಡಬಹುದು, ಒಂದೇ ಸಂಜೆಯಲ್ಲಿ ಹತ್ತು ಸಲ.

ಕಂಪ್ಯೂಟರ್‌ನೊಳಗೆ ಮರ ನೆಡುವುದು ಹೇಗೆ? ನಾನು ಮೊದಲು ಅಂದುಕೊಂಡದ್ದು ಒಂದೊಂದೇ ಎಲೆಯನ್ನು ಬಿಡಿಸಬೇಕೇನೋ ಎಂದು. ಹಾಗೆ ಬಿಡಿಸಲು ಹೊರಟರೆ ಜಗತ್ತಿನ ಯಾವ ಕಂಪ್ಯೂಟರ್ ಕೂಡ ಸಾಲದು. ತೋಟದ ಮೇಲಿನ ಗಾಳಿಯನ್ನು ಸಣ್ಣ ಸಣ್ಣ ಡಬ್ಬಿಗಳಾಗಿ ಕತ್ತರಿಸುತ್ತೇವೆ ಎಂದುಕೊಳ್ಳಿ. ಪ್ರತಿ ಡಬ್ಬಿಯಲ್ಲೂ ಗಾಳಿಯ ವೇಗ, ಒತ್ತಡ ಎಷ್ಟು, ಪಕ್ಕದ ಡಬ್ಬಿಗೆ ಎಷ್ಟು ದಾಟುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲೆಕ್ಕದ ಸೂತ್ರ ಹತ್ತೊಂಬತ್ತನೇ ಶತಮಾನದ್ದು, ನಾವೆಲ್ಲ ಪರೀಕ್ಷೆಗೆ ಉರು ಹೊಡೆದ ನೇವಿಯರ್–ಸ್ಟೋಕ್ಸ್ ಸಮೀಕರಣಗಳು. (ಅವುಗಳಿಗೆ ಸದಾಕಾಲ ಸರಿಯಾದ ಉತ್ತರ ಇದ್ದೇ ಇರುತ್ತದೆಯೇ ಎಂದು ಗಣಿತದ ಪ್ರಕಾರ ಸಾಧಿಸಿ ತೋರಿಸಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಕ್ಲೇ ಸಂಸ್ಥೆ 2000ದಲ್ಲಿ ಘೋಷಿಸಿತು. ಬಹುಮಾನ ಇನ್ನೂ ಹಾಗೇ ಇದೆ, ಆಸಕ್ತಿ ಇದ್ದವರು ನೋಡಬಹುದು.)

ಮರ ಇರುವ ಡಬ್ಬಿಗಳಿಗೆ ಮಾತ್ರ ಒಂದು ಹೆಚ್ಚುವರಿ ಸಾಲು ಸೇರಿಸುತ್ತೇವೆ: ‘ಇಲ್ಲಿ ಗಾಳಿಗೆ ಇಷ್ಟು ತಡೆ ಇದೆ’. ಆ ತಡೆ ಮೂರು ಸಂಗತಿಗಳ ಮೇಲೆ ನಿಂತಿದೆ. ಒಂದು ಘನ ಮೀಟರ್ ಜಾಗದಲ್ಲಿ ಒಟ್ಟು ಎಷ್ಟು ಚದರ ಮೀಟರ್ ಎಲೆ ಇದೆ, ಆ ಎಲೆಗಳು ಗಾಳಿಗೆ ಎಷ್ಟು ಅಡ್ಡಿ ಮಾಡುತ್ತವೆ, ಅಲ್ಲಿ ಗಾಳಿಯ ವೇಗದ ವರ್ಗ ಎಷ್ಟು. ಇಷ್ಟೇ. ಕಂಪ್ಯೂಟರ್‌ನ ಕಣ್ಣಿಗೆ ಮರ ಅಂದರೆ ಗಾಳಿಯ ಕಾಲು ಹಿಡಿದು ಎಳೆಯುವ ಹಸಿರು ಮೋಡ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಹಾವೊ ವಾಂಗ್ ಮತ್ತು ಯುಜೀನ್ ಟ್ಯಾಕಲ್ 1995ರಲ್ಲೇ ಇಂತಹ ವಿಧಾನದಿಂದ ಹೊಲದ ಗಾಳಿತಡೆ ಸಾಲುಗಳ ಸಿಮ್ಯುಲೇಷನ್ ಪ್ರಕಟಿಸಿದ್ದರು. ಆಗ ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು. ಈಗ ಲೆಕ್ಕ ನೋಡಿ: 400 ಮೀಟರ್ ಉದ್ದ, 100 ಮೀಟರ್ ಎತ್ತರದ ಒಂದು ಅಡ್ಡಸೀಳನ್ನು ಒಂದೊಂದು ಮೀಟರ್ ಚೌಕಗಳಾಗಿ ಮಾಡಿದರೆ 40 ಸಾವಿರ ಡಬ್ಬಿ. ಸಾಧಾರಣ ಲ್ಯಾಪ್‌ಟಾಪ್ ಇದನ್ನು ಟೀ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ. ಅದೇ 100 ಮೀಟರ್ ಅಗಲವನ್ನೂ ಸೇರಿಸಿದರೆ 40 ಲಕ್ಷ ಡಬ್ಬಿ. ಆಗ ಫ್ಯಾನು ಕಿರುಚತೊಡಗುತ್ತದೆ, ರಾತ್ರಿಯಿಡೀ ಕರೆಂಟ್ ಹೋಗದಿರಲಿ ಎಂದು ಬೇಡಿಕೊಳ್ಳಬೇಕಾಗುತ್ತದೆ.

ಹೊಲ ಬಿಟ್ಟು ಊರೊಳಗೂ ಇದೇ ವಿದ್ಯೆ ನಡೆಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕೊ ಜೊಮೆಟ್ಟೊ ಮತ್ತು ಸಂಗಡಿಗರು 2017ರಲ್ಲಿ ವ್ಯಾಂಕೂವರ್ ನಗರದ ಒಂದು ಬಡಾವಣೆಯನ್ನು ಹೀಗೆ ಕಂಪ್ಯೂಟರ್‌ನೊಳಗೆ ಕಟ್ಟಿದರು. ಲೇಸರ್‌ನಿಂದ ಅಳೆದು ತಂದ ಮಾಹಿತಿಯಿಂದ ಅಲ್ಲಿನ ಮನೆಗಳ ಜತೆ ಮರಗಳನ್ನೂ ಇದ್ದಲ್ಲೇ ಕೂರಿಸಿದರು. ಆಮೇಲೆ ಮರಗಳನ್ನೆಲ್ಲ ಅಳಿಸಿ ನೋಡಿದರು. ರಸ್ತೆಯಲ್ಲಿ ನಡೆಯುವವರಿಗೆ ತಾಗುವ ಗಾಳಿಯ ವೇಗ ಎರಡು ಪಟ್ಟಿನವರೆಗೂ ಏರಬಹುದು ಎಂದು ಕಂಡಿತು. ಎಲೆ ಉದುರಿದ ಬೋಳು ಮರಗಳೂ ಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತವೆ ಎಂಬುದು ಅವರು ಕಂಡ ಇನ್ನೊಂದು ಅಂಶ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬೇರೆ: ಅದೇ ಬಡಾವಣೆಯಲ್ಲಿ 30 ಮೀಟರ್ ಎತ್ತರದ ಕಂಬದ ಮೇಲೆ ವರ್ಷಗಳಿಂದ ಅಳೆದಿಟ್ಟ ನಿಜವಾದ ಗಾಳಿಯ ಲೆಕ್ಕ ಅವರ ಬಳಿ ಇತ್ತು. ಕಂಪ್ಯೂಟರ್ ಹೇಳಿದ್ದನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಿದರು.

ನಾನು ಮಾಡಿದ್ದು ಇದರ ಮುಂದೆ ಬಾಲವಾಡಿ ಕೆಲಸ. ಅಡ್ಡಸೀಳಿನ ಲೆಕ್ಕದಲ್ಲಿ ಮೂರು ಬಗೆ ಇಟ್ಟುಕೊಂಡೆ: ಬದು ಖಾಲಿ, ಬದುವಿನ ಮೇಲೆ ಗೋಡೆಯಂತೆ ಒತ್ತಾದ ಸಾಲು, ಬದುವಿನ ಮೇಲೆ ಜರಡಿಯಂತಹ ಸಾಲು. ಪುಸ್ತಕದಲ್ಲಿ ಓದಿದ್ದೇ ಪರದೆಯ ಮೇಲೆ ಬಂತು. ಒತ್ತಾದ ಸಾಲಿನ ಹಿಂದೆ ದೊಡ್ಡ ಸುಳಿ, ಜರಡಿ ಸಾಲಿನ ಹಿಂದೆ ಉದ್ದಕ್ಕೆ ಚಾಚಿದ ನಿಧಾನ ಗಾಳಿಯ ನೀಲಿ ಬಾಲ. ಆದರೆ ತೋಟಕ್ಕೆ ಹೋಗಿ ನಮ್ಮ ಸಾಲನ್ನು ನಿಜವಾಗಿ ನೋಡಿದಾಗ ಅದು ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಬೆಳಕು ಬರಲಿ ಎಂದು ವರ್ಷ ವರ್ಷ ಕೆಳಗಿನ ಟೊಂಗೆ ಸವರಿ ಸವರಿ, ಮರಗಳು ಆಳೆತ್ತರದ ಎರಡರಷ್ಟು ಬೋಳು ಕಂಬಗಳಾಗಿವೆ. ಎಲೆ ಇರುವುದು ಮೇಲ್ಗಡೆ ಮಾತ್ರ. ಹೀಗಿರುವ ಸಾಲನ್ನು ಲೆಕ್ಕಕ್ಕೆ ಕೊಟ್ಟರೆ ಗಾಳಿ ಮೇಲೆ ನಿಧಾನವಾಗಿ, ಕೆಳಗಿನ ಬೋಳು ಭಾಗದಲ್ಲಿ ಇಕ್ಕಟ್ಟಿನ ಬಾಗಿಲಲ್ಲಿ ನುಗ್ಗುವ ಜನರಂತೆ ಜೋರಾಗಿ ತೂರುತ್ತದೆ. ನುಗ್ಗುವ ಎತ್ತರ ಯಾವುದು? ಸರಿಯಾಗಿ ಬಾಳೆಗೊನೆಯ ಎತ್ತರ!

ಟ್ರ್ಯಾಕ್ಟರ್ ಬರಲೆಂದು ಸಾಲಿನ ನಡುವೆ ಬಿಟ್ಟ ಗೇಟಿನದ್ದೂ ಇದೇ ಕಥೆ. ಸಾಲಿನಲ್ಲಿ ಕಿಂಡಿ ಇದ್ದರೆ ಅಲ್ಲಿ ಗಾಳಿಯ ವೇಗ ಬಯಲಿನ ವೇಗಕ್ಕಿಂತಲೂ ಹೆಚ್ಚಬಹುದು. ಗೇಟಿಗೆ ನೇರವಾಗಿರುವ ಗಿಡಗಳು ಮೊದಲು ಬೀಳುವುದನ್ನು ನೋಡಿದವರು ‘ಆ ಜಾಗವೇ ಸರಿಯಿಲ್ಲ’ ಎನ್ನುತ್ತಾರೆ. ಜಾಗದ ದೋಷ ಏನೂ ಇಲ್ಲ, ದಾರಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಬೇಕು ಅಥವಾ ಕಿಂಡಿಯ ಹಿಂದೆ ನಾಲ್ಕು ಗಿಡ ಅಡ್ಡ ನೆಡಬೇಕು.

ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣವಾಗಿ ತೋರಿಸಿದಾಗ ದೊಡ್ಡಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

‘ಮರ ಕಡಿಯೋಕೂ ಕಂಪ್ಯೂಟರ್‌ನ ಕೇಳಬೇಕೇನಪ್ಪಾ ಈಗ? ಇರ್ಲಿ, ನಿನ್ನ ಗಾಳಿ ಯಾವ ಕಡೆಯಿಂದ ಬರುತ್ತೆ ಇದರಲ್ಲಿ?’

‘ಪಡುವಣದಿಂದ ದೊಡ್ಡಪ್ಪ.’

‘ಅದು ಆಷಾಢದ ಗಾಳಿ. ನಮ್ ಬಾಳೆ ಬೀಳ್ಸೋದು ಮೇ ತಿಂಗಳ ಗಾಳಿ. ಅದು ಯಾವ ಕಡೆಯಿಂದ ಬರುತ್ತೆ ಅಂತ ನಿನ್ನ ಪೆಟ್ಟಿಗೆಗೆ ಗೊತ್ತಾ?’

ಗೈಡ್ ಕೂಡ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬೀಸುವ ಮುಂಗಾರು ಗಾಳಿ ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ, ದಿನಗಟ್ಟಲೆ ಒಂದೇ ಸಮನೆ. ಪಡುವಣ ಬದುವಿನ ಸಾಲು ಇದಕ್ಕೆ ಹೇಳಿ ಮಾಡಿಸಿದ್ದು. ಇದು ಗಿಡ ಬೀಳಿಸುವುದಕ್ಕಿಂತ ಎಲೆ ಸೀಳಿ, ಎಳೆ ಅಡಿಕೆಯನ್ನು ಅಲುಗಾಡಿಸಿ, ನೆಲದ ಹಸಿ ಆರಿಸಿ ನಷ್ಟ ಮಾಡುವ ಗಾಳಿ. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಗಾಳಿಯೇ ಬೇರೆ. ಮೋಡದೊಳಗಿನ ತಣ್ಣನೆಯ ಭಾರದ ಗಾಳಿ ಮೇಲಿನಿಂದ ಕೆಳಕ್ಕೆ ಬಿದ್ದು, ನೆಲಕ್ಕೆ ಬಡಿದು, ಚೆಲ್ಲಿದ ನೀರಿನಂತೆ ಸುತ್ತಲೂ ಹರಡುತ್ತದೆ. ಮೋಡ ಯಾವ ಕಡೆ ಇದೆಯೋ ಗಾಳಿ ಆ ಕಡೆಯಿಂದ. ಒಂದು ಬದುವಿನ ಒಂದು ಸಾಲು ಇದನ್ನು ಪೂರ್ತಿ ಕಾಯಲಾರದು. ಸುತ್ತ ನಾಲ್ಕೂ ಬದುವಿನಲ್ಲಿ ಸಾಲಿದ್ದರೆ, ಅಕ್ಕಪಕ್ಕದ ತೋಟದವರದ್ದೂ ಉಳಿದಿದ್ದರೆ ನೆಲದ ಮಟ್ಟದ ಗಾಳಿ ಹಂತ ಹಂತವಾಗಿ ಮೆತ್ತಗಾಗುತ್ತದೆ. ಆದ್ದರಿಂದ ಇದು ಒಬ್ಬರ ಮನೆಯ ತೀರ್ಮಾನವಾಗಿ ಉಳಿಯುವುದಿಲ್ಲ. ಗೊನೆಗೆ ಗಳದ ಆಸರೆ ಕೊಡುವುದು ತಪ್ಪುವುದೂ ಇಲ್ಲ. ಮರ ನೆಟ್ಟುಬಿಟ್ಟರೆ ಬಾಳೆ ಬೀಳುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ಮರ ಎಂಬುದಕ್ಕೂ ಸಿಮ್ಯುಲೇಷನ್ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಗಾಳಿ ತಡೆಯುವ ಲೆಕ್ಕದಲ್ಲಿ ಗೆದ್ದ ಮರ ನೀರಿನ ಲೆಕ್ಕದಲ್ಲಿ ಸೋಲಬಹುದು. ನೀಲಗಿರಿ ನೆಡುವುದಕ್ಕೆ ರಾಜ್ಯ ಸರ್ಕಾರ 2017ರಲ್ಲಿ ನಿರ್ಬಂಧ ಹಾಕಿದ್ದು ಅಂತರ್ಜಲದ ಚಿಂತೆಯಿಂದ. ಟೊಂಗೆ ಹಗುರವಾಗಿ ಮುರಿಯುವ ಮರವನ್ನು ಕರೆಂಟ್ ಲೈನ್ ಪಕ್ಕ ನೆಡುವಂತಿಲ್ಲ. ನನಗೆ ತೋಚಿದ್ದು, ಎತ್ತರದ ಸಾಲಿನ ಕೆಳಗೆ ಗ್ಲಿರಿಸೀಡಿಯಾದಂತಹ ಗೊಬ್ಬರದ ಗಿಡದ ಬೇಲಿ. ಮೇಲಿನ ಜರಡಿ ಮರದ್ದು, ಕೆಳಗಿನ ಜರಡಿ ಬೇಲಿಯದ್ದು. ಸೊಪ್ಪು ತೋಟಕ್ಕೇ ಆಗುತ್ತದೆ. ಇದನ್ನು ಕೃಷಿ ಓದುತ್ತಿರುವ ಗೆಳೆಯರು ಒಪ್ಪುತ್ತಾರೋ ಇಲ್ಲವೋ ಕೇಳಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂತಹ ಕಡೆ ಇಂತಹ ಪ್ರಶ್ನೆ ಹಿಡಿದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೋಗುವುದು ಕಡಿಮೆ, ಹೋಗಬಾರದು ಎಂದೇನೂ ಇಲ್ಲವಲ್ಲ.

‘ಇದನ್ನು ಕಲಿತರೆ ಕೆಲಸ ಸಿಗುತ್ತಾ?’ ಎಂದು ನನ್ನ ರೂಮ್‌ಮೇಟ್ ಕೇಳಿದ. ಈ ಪುಟ ಓದುವವರಿಗೂ ಅದೇ ಪ್ರಶ್ನೆ ಇರುತ್ತದೆ. ಬಾಳೆ ತೋಟದ ಗಾಳಿ ಲೆಕ್ಕ ಹಾಕಲು ಸಂಬಳ ಕೊಡುವ ಕಂಪನಿ ನನಗೆ ಕಂಡಿಲ್ಲ. ಆದರೆ ವಿದ್ಯೆ ಅದೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಬಸ್ಸಿನಿಂದ ನೋಡಿರುತ್ತೀರಿ. ಯಾವ ಗುಡ್ಡದ ಯಾವ ಜಾಗದಲ್ಲಿ ಗಾಳಿ ಎಷ್ಟು, ಪಕ್ಕದ ಕಾಡಿನಿಂದ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನು ಇಂತಹದ್ದೇ ಲೆಕ್ಕದಿಂದ ಅಂದಾಜಿಸುತ್ತಾರೆ. ಅಲ್ಲಿ ಮರ ಗಾಳಿ ತಡೆಯುವುದು ನಷ್ಟ, ನಮ್ಮಲ್ಲಿ ಲಾಭ. ಚೆನ್ನೈನಲ್ಲಿ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯೇ ಇದೆ. ಎತ್ತರದ ಕಟ್ಟಡ, ಸೇತುವೆ, ವಾಹನ, ಡೇಟಾ ಸೆಂಟರ್‌ಗಳ ತಂಪು ವ್ಯವಸ್ಥೆ, ಎಲ್ಲ ಕಡೆ ಸಿಎಫ್‌ಡಿ ಬಲ್ಲವರು ಬೇಕು. ಗಾಳಿಯ ಹರಿವು ಓದುವುದರಲ್ಲಿ ಕರ್ನಾಟಕಕ್ಕೆ ಹೆಸರೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್‌ಎಎಲ್‌ನಲ್ಲಿ ದುಡಿದ ರೊದ್ದಂ ನರಸಿಂಹ ಅವರು ವಿಮಾನದ ಸುತ್ತಲಿನ ಸುಳಿಗಾಳಿಯನ್ನಷ್ಟೇ ಅಲ್ಲ, ನೆಲದ ಹತ್ತಿರದ ಮುಂಗಾರು ಗಾಳಿಯನ್ನೂ ಅಧ್ಯಯನ ಮಾಡಿದವರು. 1990ರಲ್ಲಿ ಉತ್ತರ ಭಾರತದ ಹಲವೆಡೆ 30 ಮೀಟರ್ ಕಂಬಗಳನ್ನು ನಿಲ್ಲಿಸಿ ಅಳೆದ ಮಾಂಟ್‌ಬ್ಲೆಕ್ಸ್ ಪ್ರಯೋಗದ ಹಿಂದೆ ಅವರಿದ್ದರು.

ಕಲಿಯಲು ದುಡ್ಡು ಬೇಕಾಗಿಲ್ಲ. ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ 2004ರಿಂದ ಉಚಿತ. ಅದರ ಇತ್ತೀಚಿನ ಆವೃತ್ತಿಯಲ್ಲಿ ಗಿಡಮರಗಳ ತಡೆಯನ್ನು ಲೆಕ್ಕಕ್ಕೆ ಸೇರಿಸುವ ಭಾಗ ಸಿದ್ಧವಾಗಿಯೇ ಸಿಗುತ್ತದೆ. ಐಐಟಿ ಬಾಂಬೆಯ ಫಾಸಿ ಯೋಜನೆ ಇದನ್ನು ಕಲಿಸುವ ಸ್ಪೋಕನ್ ಟ್ಯುಟೋರಿಯಲ್‌ಗಳ ಜತೆಗೆ, ವಿದ್ಯಾರ್ಥಿಗಳು ತಾವೇ ಒಂದು ಸಮಸ್ಯೆ ಆರಿಸಿ ಲೆಕ್ಕ ಮಾಡಿ ಕಳಿಸಲು ಅವಕಾಶವನ್ನೂ ಕೊಡುತ್ತದೆ. ಮೊದಲ ವಾರ ಲಿನಕ್ಸ್ ಪರದೆ ನೋಡಿ ತಲೆ ಕೆಡುತ್ತದೆ, ಬಟನ್ ಒತ್ತುವ ಸುಖ ಅಲ್ಲಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ‘ಪ್ರಾಜೆಕ್ಟ್ ಏನು ಮಾಡಿದ್ದೀಯ’ ಎಂದರೆ ಎಲ್ಲರೂ ಹೇಳುವ ಅದೇ ರೆಕ್ಕೆಯ ಬದಲು ನಿಮ್ಮೂರಿನ ಒಂದು ಸಮಸ್ಯೆ ಹೇಳಬಹುದು. ಜಗಳೂರಿನ ಕಡೆಯವರಿಗೆ ದೂಳು ಎಬ್ಬಿಸುವ ಬಯಲು ಗಾಳಿ ಇದೆ, ಚನ್ನಗಿರಿಯವರಿಗೆ ಅಡಿಕೆ ಒಣಗಿಸುವ ಕಣವಿದೆ, ನ್ಯಾಮತಿಯವರಿಗೆ ಪಾಲಿಹೌಸ್ ಇರಬಹುದು. ಎಲ್ಲವೂ ಗಾಳಿಯದೇ ಲೆಕ್ಕ.

ನನ್ನ ಲೆಕ್ಕಕ್ಕೆ ಇನ್ನೂ ಕಂಬದ ಸಾಕ್ಷಿ ಇಲ್ಲ. ಹೋಬಳಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳಿವೆ, ಅವು ಬಯಲಿನ ಗಾಳಿ ಹೇಳುತ್ತವೆ. ಮರದ ಹಿಂದಿನ ಗಾಳಿಯನ್ನು ನಾವೇ ಅಳೆಯಬೇಕು. ದೊಡ್ಡಪ್ಪ ವ್ಯಾಪಾರಿಗೆ ದೀಪಾವಳಿ ಕಳೆಯಲಿ ಎಂದಿದ್ದಾರೆ, ಅಷ್ಟು ಸಮಯ ಸಿಕ್ಕಿದೆ. ಜೂನ್‌ನಲ್ಲಿ ಪಡುವಣ ಗಾಳಿ ಹಿಡಿದ ಮೇಲೆ ಎರಡು ಬಿದಿರುಗಳದ ತುದಿಗೆ ಕೈಯಲ್ಲಿ ಹಿಡಿಯುವ ಗಾಳಿಮಾಪಕ ಕಟ್ಟಿ, ಒಂದನ್ನು ಸಾಲಿನ ಮುಂದಿನ ಬಯಲಿನಲ್ಲಿ, ಇನ್ನೊಂದನ್ನು ಸಾಲಿನ ಹಿಂದೆ 12, 48, 120 ಮೀಟರ್ ದೂರದಲ್ಲಿ ಸರದಿಯಂತೆ ನಿಲ್ಲಿಸಬೇಕು. ಎರಡನ್ನೂ ಒಂದೇ ಹೊತ್ತಿಗೆ ಓದಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಗೇಟಿನ ಎದುರು ಒಂದು ಸಲ, ಬೋಳು ಕಾಂಡಗಳ ಹಿಂದೆ ಒಂದು ಸಲ. ಮರದ ಕೆಳಗೆ ನಿಂತು ಮೇಲ್ಮುಖವಾಗಿ ಮೊಬೈಲಿನಲ್ಲಿ ಫೋಟೊ ತೆಗೆದರೆ ಎಲೆ ಎಷ್ಟು, ಆಕಾಶ ಎಷ್ಟು ಎಂದು ಎಣಿಸಿ ಎಲೆಯ ದಟ್ಟಣೆಯನ್ನು ಅಂದಾಜು ಮಾಡಬಹುದು. ಗಾಳಿಮಾಪಕವನ್ನು ಕಾಲೇಜಿನ ಲ್ಯಾಬ್‌ನಿಂದ ಕೇಳಿದ್ದೇನೆ. ಎರಡನೇ ಗಳ ಹಿಡಿದುಕೊಳ್ಳಲು ರೂಮ್‌ಮೇಟ್ ಬರುತ್ತೇನೆ ಎಂದಿದ್ದಾನೆ.